ಎಡಕ್ಕೆಳೆಯುವ ಗಾಡಿ

ನಾಲೆ ಏರಿಯ ಮೇಲೆ ಟ್ರ್ಯಾಕ್ಟರ್ ಓಡಿಸಿದವರಿಗೆ ಎಡ ಬಲದ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಗದ್ದೆಯಿಂದ ಮನೆಗೆ ಬರುವ ದಾರಿಯಲ್ಲಿ ಬಲಕ್ಕೆ ಜಾರಿದರೆ ಗದ್ದೆ, ಎಡಕ್ಕೆ ಜಾರಿದರೆ ನೀರು. ಹೋದ ವರ್ಷ ಜನವರಿ ಕೊನೆಯಲ್ಲಿ, ಭದ್ರಾ ನಾಲೆಗೆ ಬೇಸಿಗೆ ಬೆಳೆಯ ನೀರು ಬಿಟ್ಟು ವಾರ ಕಳೆದಿತ್ತು, ಒಂದು ಸಂಜೆ ನಮ್ಮ ಹಳೇ ಬಿ-275 ಎಡಕ್ಕೇ ಹೋಗುತ್ತೇನೆಂದು ಹಠ ಹಿಡಿಯಿತು.

ನಾಟಿಗೆ ಗದ್ದೆ ಕೆಸರು ಮಾಡಲು ನಾಲ್ಕು ದಿನದಿಂದ ರೊಳ್ಳೆ ಹೊಡೆಯುತ್ತಿದ್ದೆವು. ಡ್ರೈವರ್ ಹುಡುಗ ತಂಗಿ ಮದುವೆಗೆಂದು ಊರಿಗೆ ಹೋಗಿದ್ದ, ಹಾಗಾಗಿ ಸೀಟಿನ ಮೇಲೆ ನಾನೇ. ಕೆಸರಿಗೆಂದು ಹಾಕಿದ್ದ ಕೇಜ್ ವೀಲ್ ಬಿಚ್ಚಿ ಬದುವಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿ ಹತ್ತಿಸಿದೆ. ನೂರು ಗಜ ಬರುವಷ್ಟರಲ್ಲಿ ಸ್ಟೇರಿಂಗ್ ಅನ್ನು ಯಾರೋ ಆ ಕಡೆಯಿಂದ ಜಗ್ಗುತ್ತಿದ್ದಂತೆ ಅನಿಸಿತು. ಬಲಕ್ಕೆ ತಿರುಗಿಸಿ ಹಿಡಿದುಕೊಂಡರೆ ಮಾತ್ರ ನೇರ. ಕೈ ಸಡಿಲಿಸಿದರೆ ನಾಲೆಯ ಕಡೆ. ಇಂಜಿನ್ ಕೂಡ ಖಾಲಿ ಗಾಡಿಗೆ ಕೊಡಬಾರದಷ್ಟು ಹೊಗೆ ಕೊಡುತ್ತಿತ್ತು. ಮನೆ ಅಂಗಳಕ್ಕೆ ಬಂದು ಇಳಿದಾಗ ಸುಟ್ಟ ವಾಸನೆ. ಅಡುಗೆಮನೆಯ ವಾಸನೆಯಲ್ಲ. ಹಳೇ ಲಾರಿ ಘಾಟಿ ಇಳಿದು ನಿಂತಾಗ ಬರುತ್ತದಲ್ಲ, ಅದು.

ಕಟ್ಟೆಯ ಮೇಲೆ ಕೂತಿದ್ದ ಮಾವ ಕೇಳಿದರು, "ಏನವ್ವ, ಗಾಡಿ ಯಾಕೋ ನರಳ್ತೈತಿ?"

ಚೊಂಬಿನಲ್ಲಿ ನೀರು ತಂದು ಬೆರಳು ಅದ್ದಿ ಎರಡೂ ಕಡೆಯ ಬ್ರೇಕ್ ಹೌಸಿಂಗಿನ ಮೇಲೆ ಚಿಮುಕಿಸಿದೆ. ಬಲಗಡೆ ಹನಿ ಹಾಗೇ ಇಳಿದು ಹೋಯಿತು. ಎಡಗಡೆ ಚುಂಯ್ ಎಂದಿತು. ದೋಸೆ ಕಾವಲಿ ಕಾದಿದೆಯೋ ಇಲ್ಲವೋ ನೋಡುವುದೂ ಹೀಗೇ ಅಲ್ಲವೇ. ಬರಿಗೈ ಇಟ್ಟು ನೋಡಲು ಮಾತ್ರ ಹೋಗಬೇಡಿ. ಕೈಯ ಹಿಂಬದಿಯನ್ನು ನಾಲ್ಕು ಬೆರಳು ದೂರ ಹಿಡಿದರೂ ಬಿಸಿ ಗೊತ್ತಾಗುತ್ತದೆ. ಬ್ರೇಕೇ ಒತ್ತದೆ ಒಂದೆರಡು ಕಿಲೋಮೀಟರ್ ಓಡಿಸಿ ಬಂದಾಗ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಿಸಿ ಇರಬೇಕು. ಒಂದು ಕಡೆ ಕಾವಲಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಟ್ಟಿಲ್ಲ ಎಂದರ್ಥ. ಮೆಕ್ಯಾನಿಕ್‌ಗಳು ಇದಕ್ಕೆ ಬ್ರೇಕ್ ಹಿಡಿಯುವುದು, ಬ್ರೇಕ್ ಜಾಮ್ ಎನ್ನುತ್ತಾರೆ. ಬ್ರೇಕ್ ಹತ್ತುವುದಿಲ್ಲ ಎಂದು ದೂರುವವರು ಊರಿಗೆ ಹತ್ತು ಜನ. ಬ್ರೇಕ್ ಬಿಡುವುದಿಲ್ಲ ಎಂದು ದೂರುವವರು ಕಡಿಮೆ, ಏಕೆಂದರೆ ಅದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಗಾಡಿ ಸ್ವಲ್ಪ ಸೋತಂತೆ ಓಡುತ್ತದೆ, ವಯಸ್ಸಾಯಿತು ಎಂದು ನಾವೂ ಸುಮ್ಮನಿರುತ್ತೇವೆ.

ವಯಸ್ಸಂತೂ ಆಗಿದೆ. ಬಿ-275 ಹುಟ್ಟಿದ್ದು ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ, 1958ರಲ್ಲಿ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಾರ್ಖಾನೆಯಲ್ಲಿ. ಮಹೀಂದ್ರಾದವರು ಆ ಕಂಪನಿಯ ಜೊತೆ ಸೇರಿ 1963ರಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದರು. 1965ರಿಂದ ಇದೇ ಗಾಡಿ ನಮ್ಮ ದೇಶದಲ್ಲಿ ತಯಾರಾಗತೊಡಗಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದದ್ದೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ. ನಾಲೆ ಬಂತು, ಭತ್ತ ಬಂತು, ಹಿಂದೆಯೇ ಕೆಂಪು ಟ್ರ್ಯಾಕ್ಟರ್ ಬಂತು. ನಾಲ್ಕು ಸಿಲಿಂಡರ್, 35 ಅಶ್ವಶಕ್ತಿ, ಮುಂದಕ್ಕೆ ಎಂಟು ಗೇರು, ಹಿಂದಕ್ಕೆ ಎರಡು. ನಮ್ಮ ಮಾವ ಇದನ್ನು ಹೊನ್ನಾಳಿ ಕಡೆಯ ರೈತರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು 1978ರಲ್ಲಿ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅದಾದ ಹದಿನಾಲ್ಕು ವರ್ಷಕ್ಕೆ. ಮನೆಯಲ್ಲಿ ಹಿರಿತನ ಅದರದ್ದೇ.

ಆ ಕಾಲದ ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಡ್ರಮ್ ಬ್ರೇಕ್ ಇರುತ್ತಿತ್ತು. ಅಗಲವಾದ ಎರಕದ ಕಬ್ಬಿಣದ ಬೋಗುಣಿಯ ಒಳಗೆ ಎರಡು ಶೂ, ಅವು ಹಿಗ್ಗಿ ಬೋಗುಣಿಯ ಗೋಡೆಗೆ ಉಜ್ಜುವುದು. ಬಿ-275ರದು ಡಿಸ್ಕ್. ಆದರೆ ಮೋಟರ್‌ಸೈಕಲ್ಲಿನಲ್ಲಿ ಹೊರಗೆ ಹೊಳೆಯುವ ಡಿಸ್ಕ್ ಇದಲ್ಲ. ಇದು ಚಕ್ರದಲ್ಲೂ ಇಲ್ಲ. ಕೂತವರ ಕಾಲ ಬಳಿ, ಗೇರ್ ಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಪಾತ್ರೆ ಬೋರಲು ಹಾಕಿದಂಥ ಎರಡು ಹೌಸಿಂಗ್‌ಗಳಿವೆ, ಅದರೊಳಗೆ. ಅಲ್ಲಿ ತಿರುಗುವ ಶಾಫ್ಟು ಚಕ್ರಕ್ಕಿಂತ ಬಹಳ ವೇಗವಾಗಿ ಸುತ್ತುತ್ತದೆ, ಅಲ್ಲಿಂದ ಮುಂದೆ ದೊಡ್ಡ ಗೇರಿನ ಮೂಲಕ ವೇಗ ಇಳಿದು ಬಲ ಏರಿ ಚಕ್ರಕ್ಕೆ ಹೋಗುತ್ತದೆ. ಆದ್ದರಿಂದ ಅಲ್ಲಿ ಸಣ್ಣ ಡಿಸ್ಕ್ ಹಿಡಿದರೂ ದೊಡ್ಡ ಚಕ್ರ ನಿಲ್ಲುತ್ತದೆ. ಜಾಣತನದ ಕೆಲಸ. ಇದರ ಇನ್ನೊಂದು ಮುಖವೇನೆಂದರೆ, ಡಿಸ್ಕ್ ಕೂದಲೆಳೆಯಷ್ಟು ಉಜ್ಜುತ್ತಿದ್ದರೂ ಅದು ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಹಲವು ಸುತ್ತು ಉಜ್ಜಿರುತ್ತದೆ. ಕಾವಲಿ ಆಗುವುದು ಅದಕ್ಕೇ.

ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ಗೊತ್ತಾಗದೆ ಉಳಿದದ್ದು ಯಾವುದೂ ಗೊತ್ತಾಗುವುದಿಲ್ಲ. ಲೈನಿಂಗ್ ಅಂಟಿಸಿದ ಎರಡು ಬಿಲ್ಲೆಗಳು ಶಾಫ್ಟಿನ ಹಲ್ಲುಗಳ ಮೇಲೆ ಕೂತು ಅದರ ಜೊತೆಗೇ ಸುತ್ತುತ್ತವೆ. ಅವುಗಳ ನಡುವೆ ಸುತ್ತದೆ ಕೂತಿರುವ ಇನ್ನೊಂದು ಜೋಡಿ ಇದೆ, ಎರಕದ ಎರಡು ತಟ್ಟೆ, ಮುಖಕ್ಕೆ ಮುಖ ಕೊಟ್ಟು ಸ್ಪ್ರಿಂಗ್‌ಗಳಿಂದ ಬಿಗಿದದ್ದು. ಆ ಎರಡು ತಟ್ಟೆಗಳ ನಡುವೆ ಇಳಿಜಾರು ಕುಳಿಗಳು, ಕುಳಿಗಳಲ್ಲಿ ಉಕ್ಕಿನ ಗುಂಡುಗಳು. ಪೆಡಲ್ ಒತ್ತಿದಾಗ ರಾಡು ಈ ತಟ್ಟೆಗಳನ್ನು ಒಂದನ್ನು ಅತ್ತ, ಒಂದನ್ನು ಇತ್ತ ತುಸುವೇ ತಿರುಗಿಸುತ್ತದೆ. ಬೀಸೋ ಕಲ್ಲಿನ ಎರಡು ಹೋಳುಗಳ ನಡುವೆ ದಪ್ಪ ಕಾಳು ಸಿಕ್ಕಿದರೆ ಮೇಲಿನ ಕಲ್ಲು ಹೇಗೆ ಏಳುತ್ತದೋ ಹಾಗೆ, ಗುಂಡುಗಳು ಕುಳಿಯ ಇಳಿಜಾರು ಹತ್ತಿ ತಟ್ಟೆಗಳನ್ನು ದೂರ ತಳ್ಳುತ್ತವೆ. ತಟ್ಟೆಗಳು ಬಿಲ್ಲೆಗಳನ್ನು ಹೌಸಿಂಗಿನ ಗೋಡೆಗೆ ಅದುಮುತ್ತವೆ. ಅಷ್ಟೇ ಅಲ್ಲ, ಸುತ್ತುತ್ತಿರುವ ಬಿಲ್ಲೆಯ ಎಳೆತಕ್ಕೆ ತಟ್ಟೆಯೂ ಸ್ವಲ್ಪ ಜೊತೆಗೆ ಹೋಗಿ ಗುಂಡು ಇನ್ನಷ್ಟು ಮೇಲೆ ಹತ್ತುತ್ತದೆ. ಗಾಡಿಯ ಓಟವೇ ಬ್ರೇಕಿಗೆ ಬಲ ಕೊಡುತ್ತದೆ. ಎಣ್ಣೆಯಿಲ್ಲ, ಪಂಪಿಲ್ಲ, ಬರೀ ಕಾಲಿನ ಒತ್ತಡದಲ್ಲಿ ಟ್ರೇಲರ್ ಸಮೇತ ನಿಲ್ಲಿಸಬಹುದು.

ಕಾಲು ತೆಗೆದಾಗ ಏನಾಗಬೇಕು? ಗುಂಡು ಇಳಿಜಾರು ಇಳಿದು ಕುಳಿಗೆ ಬರಬೇಕು. ಇಳಿಸುವವರು ಯಾರು? ಆ ಸ್ಪ್ರಿಂಗ್‌ಗಳು, ಮತ್ತು ಪೆಡಲ್ ಬುಡದ ಸ್ಪ್ರಿಂಗ್. ಹತ್ತಿಸಲು ಮನುಷ್ಯನ ತೂಕವಿದೆ, ಗಾಡಿಯ ಓಟವಿದೆ. ಇಳಿಸಲು ಬರೀ ಸ್ಪ್ರಿಂಗು. ಕುಳಿಯಲ್ಲಿ ತುಕ್ಕು ಹಿಡಿದು ತಗ್ಗಾಗಿದ್ದರೆ ಗುಂಡು ಅಲ್ಲೇ ತಂಗುತ್ತದೆ. ಸ್ಪ್ರಿಂಗ್ ಸೋತಿದ್ದರೂ ಅಷ್ಟೇ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ಎಡಗಡೆಯ ಹೌಸಿಂಗ್ ಬಿಸಿ ಇದೆ, ನಾಲ್ಕು ದಿನ ಕೆಸರಲ್ಲಿ ಮುಳುಗಿದೆ, ಒಳಗೆ ತುಕ್ಕು ಹಿಡಿದಿದೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ. ಮರುದಿನ ಬೆಳಿಗ್ಗೆ ಫೋನ್ ಮಾಡಿದ ಮೇಲೆ ಬೈಕಿನಲ್ಲಿ ಬಂದ ಮೇಸ್ತ್ರಿಯೂ ಕೇಳಿದ ಕೂಡಲೇ ಅದನ್ನೇ ಹೇಳಿದ. "ಅಕ್ಕಾ, ಒಳಗ್ ನೀರ್ ಹೋಗೇತಿ. ಗುಂಡು ಕಚ್ಕೊಂಡಾವ. ಬಿಚ್ಚಲೇಬೇಕು ನೋಡ್ರಿ." ಇಬ್ಬರ ಮಾತೂ ಒಂದೇ ಆಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಬಿಚ್ಚಿದೆವು. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದೆ ಜಾಕ್ ಹಾಕಿ, ಜಾಕನ್ನು ನಂಬದೆ ಆಕ್ಸಲ್ ಕೆಳಗೆ ತೆಂಗಿನ ದಿಮ್ಮಿ ಸೇರಿಸಿ. ದಿಮ್ಮಿ ಇಡದೆ ಟ್ರ್ಯಾಕ್ಟರ್ ಅಡಿಗೆ ಕೈ ಹಾಕುವವರನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೌಸಿಂಗ್ ಕೈಗೆ ಬಂದಾಗ ಒಳಗಿಂದ ಒಂದು ಲೋಟದಷ್ಟು ಕೆಂಪು ಗಂಜಿ ಸುರಿಯಿತು, ತುಕ್ಕು, ಕೆಸರು, ಲೈನಿಂಗ್ ಪುಡಿ ಸೇರಿ ಆದದ್ದು. ರಾಡು ಒಳಹೋಗುವ ತೂತಿನ ರಬ್ಬರ್ ಹರಿದಿತ್ತು. ನೀರು ಹೋದ ದಾರಿ ಅದೇ. ಗುಂಡುಗಳು ಕಪ್ಪಾಗಿದ್ದವು, ಕುಳಿಗಳಲ್ಲಿ ಅಲ್ಲಲ್ಲಿ ಸಿಡುಬಿನ ಕಲೆಯಂತೆ ತಗ್ಗು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ಇಂಥ ಹಳೇ ಗಾಡಿಗಳ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಆದ ಮೇಲೆ ರೋಗವಾಗಿ ಏಳುತ್ತದೆ. ಆದರೂ ಗ್ಯಾರೇಜುಗಳಲ್ಲಿ ಹೌಸಿಂಗ್ ತೆರೆದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆಯುವುದು, ಅದೂ ಇಲ್ಲದಿದ್ದರೆ ಬಾಯಲ್ಲಿ ಊದುವುದು ರೂಢಿ. ಮೇಸ್ತ್ರಿ ಊದಲು ಬಗ್ಗಿದಾಗ ನಾನು ತಡೆದು ಒಂದು ಕೊಡ ನೀರು ಸುರಿದೆ. ಒದ್ದೆಯಾದ ಪುಡಿ ಹಾರುವುದಿಲ್ಲ. ಅವನು ನಕ್ಕ. ನಗಲಿ.

ಗುಂಡು, ಸ್ಪ್ರಿಂಗು, ಎರಡೂ ಲೈನಿಂಗ್ ಬಿಲ್ಲೆಗಳನ್ನು ಹೊಸದಾಗಿ ತರಲು ನಾನೇ ದಾವಣಗೆರೆಗೆ ಹೋದೆ. ತಟ್ಟೆಗಳನ್ನು ಡೀಸೆಲ್‌ನಲ್ಲಿ ತೊಳೆದು, ಕುಳಿಗಳನ್ನು ಎಮರಿ ಪೇಪರ್‌ನಲ್ಲಿ ಗುಂಡು ತಡೆಯಿಲ್ಲದೆ ಉರುಳುವ ತನಕ ತಿಕ್ಕಿದೆವು. ತಗ್ಗು ಆಳವಾಗಿದ್ದಿದ್ದರೆ ತಿಕ್ಕಿ ಪ್ರಯೋಜನವಿರಲಿಲ್ಲ, ತಟ್ಟೆಯನ್ನೇ ಬದಲಿಸಬೇಕಿತ್ತು. ಶಾಫ್ಟಿನ ಹಲ್ಲುಗಳ ತುಕ್ಕೂ ತೆಗೆದೆವು. ಇದನ್ನು ಹಲವರು ಮರೆಯುತ್ತಾರೆ. ಬಿಲ್ಲೆ ಆ ಹಲ್ಲುಗಳ ಮೇಲೆ ಸರಾಗವಾಗಿ ಅತ್ತಿತ್ತ ಸರಿಯದಿದ್ದರೆ ತಟ್ಟೆ ಹಿಂದೆ ಬಂದರೂ ಬಿಲ್ಲೆ ಗೋಡೆಗೆ ಒರಗಿಕೊಂಡೇ ಇರುತ್ತದೆ. ಗುಂಡಿನ ಕುಳಿಗೆ ಶಾಖ ತಡೆಯುವ ಗ್ರೀಸ್ ಬೆರಳ ತುದಿಯಲ್ಲಿ ಸವರಿದ್ದು ಮಾತ್ರ, ಮೆತ್ತಲಿಲ್ಲ. ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ ಲೈನಿಂಗಿಗೆ ಹೋದರೆ ಬ್ರೇಕ್ ಜಾರುತ್ತದೆ. ಇಲ್ಲವಾದರೆ ಇದ್ದಕ್ಕಿದ್ದಂತೆ ಗಬಕ್ಕನೆ ಹಿಡಿಯುತ್ತದೆ. ಎರಡೂ ಬೇಡ. ಶಾಫ್ಟ್ ಹೊರಬರುವಲ್ಲಿ ಇರುವ ಆಯಿಲ್ ಸೀಲ್ ಒಣಗಿತ್ತು, ಸೋರಿರಲಿಲ್ಲ, ಆದರೂ ಬಿಚ್ಚಿದ ಮೇಲೆ ಯಾಕೆ ಬಿಡುವುದು ಎಂದು ಅದನ್ನೂ ಬದಲಿಸಿದೆವು. ಸೀಲ್ ಹೋದರೆ ಗೇರ್ ಎಣ್ಣೆ ನೇರ ಬ್ರೇಕಿನೊಳಕ್ಕೆ ಬರುತ್ತದೆ, ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೂ ಬೆಂಕಿಯಲ್ಲಿ ಕಾಯಿಸಿದರೂ ಅದು ಮತ್ತೆ ಮೊದಲಿನಂತಾಗುವುದಿಲ್ಲ.

ಎರಡು ದಿನ ಹೋಯಿತು. ಜೋಡಿಸಿ, ಚಕ್ರ ಎತ್ತಿದಂತೆಯೇ ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದರೆ ಬುಗುರಿಯಂತೆ ತಿರುಗಿತು. ಮೇಸ್ತ್ರಿಗೆ ದುಡ್ಡು, ಚಹಾ, ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದೆ. ಮೂರನೆಯ ದಿನ ರೊಳ್ಳೆ ಮುಂದುವರಿಸಿ ಸಂಜೆ ಏರಿ ಮೇಲೆ ಬಂದರೆ, ಗಾಡಿ ಎಡಕ್ಕೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇಸ್ತ್ರಿಯ ಮೇಲೆ ಸಿಟ್ಟು ಬಂತು, ಅಂಗಡಿಯವನ ಮೇಲೆ ಅನುಮಾನ ಬಂತು. ಬೆಳಿಗ್ಗೆ ಎದ್ದು ಕಸ ಗುಡಿಸುವಾಗ ಟ್ರ್ಯಾಕ್ಟರ್ ಪಕ್ಕ ಪೊರಕೆ ಹಿಡಿದು ನಿಂತವಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎರಡು ಬ್ರೇಕ್ ಪೆಡಲ್‌ಗಳು ಒಂದೇ ಎತ್ತರದಲ್ಲಿರಲಿಲ್ಲ. ಎಡ ಚಕ್ರದ್ದು ಒಂದು ಇಂಚಿನಷ್ಟು ಕೆಳಗಿತ್ತು.

ಟ್ರ್ಯಾಕ್ಟರ್ ಓಡಿಸದವರಿಗಾಗಿ ಒಂದು ಮಾತು. ಟ್ರ್ಯಾಕ್ಟರ್‌ನಲ್ಲಿ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದ ಅಂಚಿನಲ್ಲಿ ತಿರುಗಬೇಕಾದಾಗ ಎಡದ್ದು ಮಾತ್ರ ಒತ್ತಿದರೆ ಎಡ ಚಕ್ರ ನಿಂತು ಬಲದ್ದು ಅದರ ಸುತ್ತ ಓಡುತ್ತದೆ, ಗಾಡಿ ನಿಂತಲ್ಲೇ ತಿರುಗಿದಂತೆ ತಿರುಗುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಒಂದು ಮಾಡುವ ಚಿಲಕ ಹಾಕಬೇಕು. ಚಿಲಕ ಹಾಕದೆ ರಸ್ತೆಯಲ್ಲಿ ವೇಗವಾಗಿ ಬರುವಾಗ ಒಂದೇ ಪೆಡಲ್ ಒತ್ತಿ ಗಾಡಿ ಪಲ್ಟಿ ಹೊಡೆದದ್ದನ್ನು ನಮ್ಮ ಸೀಮೆಯಲ್ಲಿ ನೋಡದವರಿಲ್ಲ. ನಾನು ಚಿಲಕದ ವಿಷಯದಲ್ಲಿ ಕಟ್ಟುನಿಟ್ಟು. ಏರಿ ಹತ್ತುವ ಮೊದಲು ಹಾಕಿಯೇ ಹಾಕುತ್ತೇನೆ. ಆಗೆಲ್ಲ ನಿಲ್ಲಿಸಿದಾಗಲೂ ಅದು ಹಾಗೇ ಇರುತ್ತಿತ್ತು. ಹಿಂದಿನ ರಾತ್ರಿ ಸಿಟ್ಟಿನಲ್ಲಿ ಇಳಿಯುವಾಗ ಸೀರೆ ಸಿಕ್ಕಿಕೊಂಡು ಚಿಲಕ ಎದ್ದಿರಬೇಕು. ಚಿಲಕ ಹಾಕಿದ್ದಾಗ ಬಲಗಡೆಯ ಪೆಡಲ್ ತನ್ನ ಸ್ಪ್ರಿಂಗಿನ ಜೋರಿನಲ್ಲಿ ಎಡಗಡೆಯದನ್ನೂ ಅಷ್ಟಿಷ್ಟು ಎತ್ತಿ ಹಿಡಿಯುತ್ತಿತ್ತು. ನೋಡುವವರಿಗೆ ಎರಡೂ ಸರಿಸಮ. ಚಿಲಕ ಬಿಟ್ಟ ಮೇಲೆ ಕುಂಟು ಕಾಣಿಸಿತು.

ಕಾಲಿನಿಂದ ಎಡ ಪೆಡಲ್ ಒತ್ತಿ ಬಿಟ್ಟೆ. ಮೇಲೆ ಬರಲಿಲ್ಲ. ಬೆರಳು ಕೆಳಗೆ ಕೊಟ್ಟು ಎತ್ತಿದರೆ ಬಂತು, ಕರಕರ ಎನ್ನುತ್ತಾ. ಬಲ ಪೆಡಲ್ ಒತ್ತಿ ಬಿಟ್ಟರೆ ಟಪ್ ಎಂದು ಜಿಗಿದು ಮೇಲೆ ಬಂತು.

ಮೊದಲ ದಿನ ಇದನ್ನು ಮಾಡಲು ಅರ್ಧ ನಿಮಿಷ ಸಾಕಿತ್ತು. ಇನ್ನೂ ಖಾತರಿ ಬೇಕಿದ್ದರೆ ಹತ್ತು ನಿಮಿಷದ ಇನ್ನೊಂದು ಪರೀಕ್ಷೆ ಇದೆ. ಪೆಡಲ್ ಕಡೆಯಿಂದ ಬರುವ ರಾಡು ಹೌಸಿಂಗಿನ ರಾಡಿಗೆ ಸೇರುವಲ್ಲಿ ಒಂದು ಪಿನ್ ಇದೆ, ತುದಿಗೆ ಸ್ಪ್ಲಿಟ್ ಪಿನ್ ಹಾಕಿದ್ದು. ಬ್ರೇಕ್ ಹಿಡಿದುಕೊಂಡಿರುವಾಗಲೇ ಚಕ್ರ ಎತ್ತಿ, ದಿಮ್ಮಿ ಇಟ್ಟು, ಆ ಪಿನ್ ಕಳಚಿ ಚಕ್ರ ತಿರುಗಿಸಿ ನೋಡಬೇಕು. ಚಕ್ರ ಸಡಿಲಾದರೆ ರೋಗ ಹೊರಗಿದೆ, ಪೆಡಲ್, ಶಾಫ್ಟು, ರಾಡು, ಸ್ಪ್ರಿಂಗಿನಲ್ಲಿ. ಪಿನ್ ತೆಗೆದರೂ ಚಕ್ರ ಬಿಗಿಯಾಗಿಯೇ ಇದ್ದರೆ ರೋಗ ಒಳಗಿದೆ, ಆಗ ಹೌಸಿಂಗ್ ಬಿಚ್ಚಿ. ಡ್ರಮ್ ಬ್ರೇಕಿನ ಹಳೇ ಗಾಡಿಗೂ ಇದೇ ಪರೀಕ್ಷೆ, ಅಲ್ಲಿ ಒಳಗಿನ ಅಪರಾಧಿ ಶೂ ಹಿಗ್ಗಿಸುವ ಕ್ಯಾಮ್ ಕಡ್ಡಿಯೋ ಶೂ ಎಳೆಯುವ ಸ್ಪ್ರಿಂಗೋ ಆಗಿರುತ್ತದೆ. ನಾವು ಮಾಡಿದ ತಪ್ಪು ಎರಡು. ಹೊರಗೆ ನೋಡದೆ ಒಳಗೆ ಹೋದದ್ದು ಒಂದು. ಜೋಡಿಸಿದ ಮೇಲೆ ಪೆಡಲನ್ನು ಒತ್ತಿ ಬಿಡದೆ, ಮೊದಲೇ ಸಡಿಲವಾಗಿದ್ದ ಚಕ್ರವನ್ನು ತಿರುಗಿಸಿ ಖುಷಿಪಟ್ಟದ್ದು ಇನ್ನೊಂದು. ಒತ್ತಿದ ಮೇಲೆ ಬಿಡುತ್ತದೋ ಇಲ್ಲವೋ ಎನ್ನುವುದು ತಾನೇ ತಕರಾರು? ಒತ್ತದೇ ಪರೀಕ್ಷೆ ಮಾಡಿದರೆ ಪಾಸಾಗದೆ ಇನ್ನೇನು.

ಪೆಡಲ್ ಯಾಕೆ ಬರಲಿಲ್ಲ ಎನ್ನುವುದಕ್ಕೆ ನೆಲದ ಮೇಲೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಹೋಗಬೇಕಾಯಿತು. ನಮ್ಮ ಗಾಡಿಯಲ್ಲಿ ಎರಡೂ ಪೆಡಲ್ ಇರುವುದು ಬಲಗಾಲಿನ ಕಡೆ. ಬಲ ಚಕ್ರದ ಬ್ರೇಕು ಅಲ್ಲೇ ಪಕ್ಕದಲ್ಲಿದೆ, ರಾಡು ನೇರ ಹೋಗುತ್ತದೆ. ಎಡ ಚಕ್ರದ ಬ್ರೇಕಾದರೋ ಆಚೆ ಬದಿಯಲ್ಲಿ. ಅಲ್ಲಿಗೆ ಸುದ್ದಿ ಮುಟ್ಟಿಸಲು ಗಾಡಿಯ ಅಡ್ಡಕ್ಕೆ ಒಂದು ಶಾಫ್ಟು ಇದೆ. ಎಡ ಬ್ರೇಕಿನ ಪೆಡಲ್ ಅದಕ್ಕೆ ಕಚ್ಚಿಕೊಂಡಿದೆ, ಶಾಫ್ಟ್ ತಿರುಗಿ ಆ ತುದಿಯಲ್ಲಿರುವ ತೋಳು ಎಡ ರಾಡನ್ನು ಎಳೆಯುತ್ತದೆ. ಬಲದ ಪೆಡಲ್ ಅದೇ ಶಾಫ್ಟಿನ ಮೇಲೆ ಬುಷ್ ಹಾಕಿಕೊಂಡು ತನ್ನಷ್ಟಕ್ಕೆ ಆಡುತ್ತದೆ. ಅಂದರೆ ಶಾಫ್ಟು ಬಿಗಿದುಕೊಂಡರೆ ನರಳುವುದು ಎಡ ಬ್ರೇಕು. ಪೆಡಲಿನ ಬುಷ್ ಬಿಗಿದುಕೊಂಡರೆ ಬಲ ಬ್ರೇಕು. ಯಾವ ಕಡೆ ಹಿಡಿಯುತ್ತಿದೆ ಎನ್ನುವುದೇ ಎಲ್ಲಿ ನೋಡಬೇಕೆಂದು ಹೇಳುತ್ತಿತ್ತು, ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ಆ ಅಡ್ಡ ಶಾಫ್ಟ್ ಇರುವುದು ರೊಳ್ಳೆ ಹೊಡೆಯುವಾಗ ಕೆಸರು ಮೆತ್ತುವ ಜಾಗದಲ್ಲೇ. ನಮ್ಮದು ಎರೆ ಮಣ್ಣು, ಒದ್ದೆಯಿದ್ದಾಗ ಬೆಣ್ಣೆ, ಒಣಗಿದರೆ ಸಿಮೆಂಟು. ಗ್ರೀಸ್ ನಿಪ್ಪಲ್ ಇದೆ ಎಂದು ನನಗೆ ನೆನಪಿತ್ತು. ನಿಪ್ಪಲ್ ಇರಬೇಕಾದ ಜಾಗದಲ್ಲಿ ಹುತ್ತದಂಥ ಒಂದು ಗಂಟು ಇತ್ತು. ಸ್ಕ್ರೂ ಡ್ರೈವರ್‌ನಿಂದ ಕೆರೆದಾಗ ನಿಪ್ಪಲ್ ಹೊರಗೆ ಬಂತು, ತಲೆ ಮುರಿದದ್ದು. ಎಷ್ಟು ವರ್ಷದಿಂದ ಅದಕ್ಕೆ ಗ್ರೀಸ್ ಹೋಗಿಲ್ಲವೋ. ಡ್ರೈವರ್ ಹುಡುಗ ಪ್ರತಿ ಸೋಮವಾರ ಗ್ರೀಸ್ ಹೊಡೆಯುತ್ತಾನೆ, ನಿಜ, ಕಣ್ಣಿಗೆ ಕಾಣುವ ನಿಪ್ಪಲ್‌ಗಳಿಗೆ. ಬಗ್ಗಿ ನೋಡಬೇಕಾದ ಜಾಗಕ್ಕೆ ಅವನೂ ಬಗ್ಗಿಲ್ಲ, ಅವನಿಗೆ ಸಂಬಳ ಕೊಡುವ ನಾನೂ ಬಗ್ಗಿಲ್ಲ.

ಮೇಸ್ತ್ರಿಯನ್ನು ಮತ್ತೆ ಕರೆದೆ. ಬಂದವನು ಪೆಡಲ್ ಒತ್ತಿ ನೋಡಿ ತಲೆ ಕೆರೆದುಕೊಂಡ. "ಅಕ್ಕಾ, ನನ್ ತಪ್ಪಾತು. ಆದ್ರ ಒಳಗಿಂದೂ ಸುಳ್ಳಲ್ಲ ನೋಡ್ರಿ, ಆ ತುಕ್ಕು ನೀವೇ ನೋಡೀರಿ." ಅದೂ ಸತ್ಯ. ಶಾಫ್ಟ್ ವಾಪಸು ಬಾರದೆ ಬ್ರೇಕ್ ಉಜ್ಜುತ್ತಿದ್ದದ್ದರಿಂದಲೇ ಲೈನಿಂಗ್ ಅರ್ಧ ಸುಟ್ಟಿತ್ತು, ರಬ್ಬರ್ ಹರಿದು ಗುಂಡಿಗೂ ತುಕ್ಕು ಹತ್ತಿತ್ತು. ಒಳಗಿನದನ್ನು ಸರಿ ಮಾಡಿದ್ದು ದಂಡವಾಗಲಿಲ್ಲ. ಆದರೆ ಹೊಸ ಲೈನಿಂಗ್ ಹಾಕಿ ಒಂದೇ ದಿನ ಅದನ್ನೂ ಬೇಯಿಸಿದ್ದೆ. ಅದೃಷ್ಟಕ್ಕೆ ಬರೀ ಹೊಳಪಾಗಿತ್ತು. ಎಮರಿ ಪೇಪರ್‌ಗೆ ನೀರು ಹಚ್ಚಿ ಮೆಲ್ಲಗೆ ಉಜ್ಜಿದಾಗ ಸರಿ ಹೋಯಿತು.

ಶಾಫ್ಟನ್ನು ಹೊರಗೆ ತೆಗೆಯುವುದೇ ಆ ದಿನದ ಹೋರಾಟ. ಮೊದಲು ಡೀಸೆಲ್ ಸುರಿದು, ಎರಡು ಗಂಟೆ ಬಿಟ್ಟು, ಪೆಡಲನ್ನು ಮೇಲೆ ಕೆಳಗೆ ಆಡಿಸಿ, ಮತ್ತೆ ಡೀಸೆಲ್. ನೇರ ಸುತ್ತಿಗೆಯಲ್ಲಿ ಹೊಡೆದರೆ ಶಾಫ್ಟಿನ ತುದಿ ಅಣಬೆಯಂತೆ ಅರಳಿ ಮತ್ತೆ ಬುಷ್ಷಿನಿಂದ ಹೊರಗೇ ಬರುವುದಿಲ್ಲ. ನಡುವೆ ಮರದ ತುಂಡು ಇಟ್ಟು ಹೊಡೆಯಬೇಕು. ಕೊನೆಗೆ ಬಂದಾಗ ಬುಷ್ ಇರುವ ಎರಡೂ ಜಾಗದಲ್ಲಿ ಶಾಫ್ಟ್ ಕಂದು ಬಣ್ಣಕ್ಕೆ ತಿರುಗಿ ಒರಟಾಗಿತ್ತು. ಅದನ್ನು ತಿಕ್ಕಿ ನುಣುಪು ಮಾಡಿ, ಬುಷ್ ಹೊಸದು ಹಾಕಿ, ಹತ್ತಿಪ್ಪತ್ತು ರೂಪಾಯಿಯ ಹೊಸ ನಿಪ್ಪಲ್ ಕೂರಿಸಿ, ಆಚೆ ತುದಿಯಿಂದ ಹಳೇ ಕೆಸರೆಲ್ಲ ಹೊರಬಂದು ಹೊಸ ಗ್ರೀಸ್ ಕಾಣುವ ತನಕ ಗನ್ ಒತ್ತಿದೆವು. ಪೆಡಲಿನ ಸ್ಪ್ರಿಂಗೂ ಹೊಸದು. ಹಳೆಯದು ಸತ್ತ ಹಾವಿನಂತೆ ಉದ್ದಕ್ಕೆ ನೇತಾಡುತ್ತಿತ್ತು.

ಇನ್ನು ಬಿಡುವು, ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವ ಮೊದಲು ಸುಮ್ಮನೆ ಸಾಗುವ ದೂರ. ಅದನ್ನು ರಾಡಿನ ನಟ್ಟು ತಿರುಗಿಸಿ ಹೊಂದಿಸುತ್ತಾರೆ. ಬ್ರೇಕ್ ಸ್ವಲ್ಪ ಜಾರಿದಂತೆ ಅನಿಸಿದರೆ ಸಾಕು, ಒಂದು ಸುತ್ತು ಬಿಗಿ ಮಾಡಿಬಿಡುವುದು ನಮ್ಮವರ ಸ್ವಭಾವ. ಬಿಡುವೇ ಇಲ್ಲದಂತೆ ಬಿಗಿದರೆ ತಣ್ಣಗಿರುವಾಗ ಚಂದ ಹಿಡಿಯುತ್ತದೆ. ಗಾಡಿ ಬಿಸಿಯಾದ ಮೇಲೆ ಒಳಗಿನದೆಲ್ಲ ಹಿಗ್ಗಿ ತಾನಾಗಿಯೇ ಉಜ್ಜತೊಡಗುತ್ತದೆ, ಉಜ್ಜಿದಷ್ಟೂ ಬಿಸಿ, ಬಿಸಿಯಾದಷ್ಟೂ ಉಜ್ಜು. ನಮ್ಮ ಗಾಡಿಗೆ ಒಂದರಿಂದ ಒಂದೂವರೆ ಇಂಚು ಬಿಟ್ಟಿದ್ದೇವೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಬಿಡುವಿಗಿಂತ ಮುಖ್ಯ ಎರಡೂ ಕಡೆ ಸಮ ಇರುವುದು. ಅದನ್ನು ಪರೀಕ್ಷಿಸಲು ಒಣಗಿದ ಕಣ ಸಾಕು. ಚಿಲಕ ಹಾಕಿ, ನಿಧಾನ ಓಡಿಸಿ, ಜೋರಾಗಿ ಬ್ರೇಕ್ ಒತ್ತಿ ಇಳಿದು ಹಿಂದೆ ಹೋಗಿ ಗೆರೆ ನೋಡುವುದು. ಎರಡೂ ಚಕ್ರದ ಉಜ್ಜಿದ ಗೆರೆ ಒಂದೇ ಉದ್ದವಿರಬೇಕು. ನಮ್ಮದು ಮೊದಲ ಸಲ ಎಡಕ್ಕೆ ಒಂದು ಗೇಣು ಜಾಸ್ತಿ ಬಂತು. ಎಡ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಸಮವಾಯಿತು.

ಈಗಿನ ಬಹಳಷ್ಟು ಹೊಸ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಬಿಲ್ಲೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ನೀರು, ಕೆಸರು ಒಳಗೆ ಹೋಗುವ ಮಾತಿಲ್ಲ, ತುಕ್ಕಿನ ಕಾಟವೂ ಇಲ್ಲ. ಮಗ ಅಂಥದ್ದೊಂದು ತರೋಣ ಎಂದು ಎರಡು ವರ್ಷದಿಂದ ಹೇಳುತ್ತಿದ್ದಾನೆ. ತಂದರೂ ಪೆಡಲ್, ಶಾಫ್ಟು, ಸ್ಪ್ರಿಂಗು ಹೊರಗೇ ಇರುತ್ತವೆ, ಕೆಸರೂ ಹೊರಗೇ ಇರುತ್ತದೆ ಎಂದಿದ್ದೇನೆ.

ಬೆಳೆ ಮುಗಿದ ಮೇಲೆ ಗಾಡಿ ತಿಂಗಳುಗಟ್ಟಲೆ ನಿಲ್ಲುವ ಮನೆಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಬ್ರೇಕ್ ಲಾಕ್ ಹಾಕಿ ನಿಲ್ಲಿಸಿರುತ್ತಾರೆ. ಮಳೆಗಾಲ ಕಳೆದು ಬಂದು ನೋಡಿದರೆ ಲೈನಿಂಗು ಗೋಡೆಗೆ ತುಕ್ಕಿನಿಂದ ಅಂಟಿ ಕೂತಿರುತ್ತದೆ. ನಮ್ಮ ಪಕ್ಕದ ಹಳ್ಳಿಯಲ್ಲಿ ಹಾಗಾದಾಗ ಇನ್ನೊಂದು ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಎಳೆಸಿದರು. ಗಾಡಿ ಬಂತು, ಲೈನಿಂಗ್ ಕಿತ್ತುಕೊಂಡು ಬಂತು, ಸರಪಳಿ ಹರಿದು ಎಗರಿ ಎಳೆಯುತ್ತಿದ್ದವನ ತಲೆಯ ಪಕ್ಕ ಹೋಯಿತು. ಹೌಸಿಂಗಿಗೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಚಕ್ರ ಎತ್ತಿ ಕೈಯಿಂದ ಹಿಂದೆ ಮುಂದೆ ಆಡಿಸಿದರೆ ಎಷ್ಟೋ ಸಲ ಬಿಡುತ್ತದೆ. ಬಿಡದಿದ್ದರೆ ಬಿಚ್ಚುವುದೇ ಸರಿ. ನಾವು ಈಗ ನಿಲ್ಲಿಸುವಾಗ ಬ್ರೇಕ್ ಲಾಕ್ ಹಾಕುವುದಿಲ್ಲ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇವೆ. ರೊಳ್ಳೆ ಮುಗಿಸಿ ಬಂದ ದಿನವೇ ಪೈಪ್ ಹಿಡಿದು ಅಡಿಯೆಲ್ಲ ತೊಳೆಯುತ್ತೇವೆ, ತೊಳೆದ ಮೇಲೆ ಅಂಗಳದಲ್ಲಿ ಎರಡು ಸುತ್ತು ಬ್ರೇಕ್ ಒತ್ತಿ ಒತ್ತಿ ಓಡಿಸಿ ಒಳಗಿನ ತೇವ ಬಿಸಿಗೆ ಆರುವಂತೆ ಮಾಡುತ್ತೇವೆ. ಆಮೇಲೆ ಚಿಲಕ ಬಿಚ್ಚಿಡುವುದು. ರಾತ್ರಿಯಿಡೀ ಬಿಚ್ಚಿದ ಚಿಲಕ, ಬೆಳಿಗ್ಗೆ ಕಸ ಗುಡಿಸುವಾಗ ಪೆಡಲ್‌ಗಳತ್ತ ಒಂದು ನೋಟ. ರಸ್ತೆಗಿಳಿಯುವ ಮುನ್ನ ಮತ್ತೆ ಹಾಕುವುದು.

ಡ್ರೈವರ್ ಹುಡುಗ ಮದುವೆ ಮುಗಿಸಿ ಬಂದಾಗ ಅವನನ್ನೂ ಗೋಣಿಚೀಲದ ಮೇಲೆ ಮಲಗಿಸಿ ಆ ನಿಪ್ಪಲ್ ತೋರಿಸಿದೆ. ಈಗ ಸೋಮವಾರ ಅವನು ಗ್ರೀಸ್ ಹೊಡೆದ ಮೇಲೆ ಅಂಗಿಯ ಬೆನ್ನು ನೋಡುತ್ತೇನೆ. ಮಣ್ಣಾಗಿದ್ದರೆ ಅಡಿಗೆ ಹೋಗಿದ್ದಾನೆ.

ಮೊನ್ನೆ ಅವನೇ ಓಡಿಸಿಕೊಂಡು ಬಂದು ಹೇಳಿದ, ಗಾಡಿ ಬಲಕ್ಕೆ ತುಸು ಎಳೀತೈತಿ ಅಂತ. ಮಾವ ಕಟ್ಟೆಯ ಮೇಲಿಂದಲೇ ಪಾನಾ ತರಲು ಹೇಳಿದರು. ನಾನು ಮೊದಲು ಚೊಂಬು ತಂದೆ. ನೀರು ಚಿಮುಕಿಸಿದೆ, ಎರಡೂ ಕಡೆ ಸದ್ದಿಲ್ಲ. ಪೆಡಲ್ ಎರಡೂ ಟಪ್ ಎಂದು ಮೇಲೆ ಬಂದವು. ಆಮೇಲೆ ಮುಂದೆ ಹೋಗಿ ನೋಡಿದರೆ ಬಲಗಡೆಯ ಮುಂದಿನ ಟೈರಿನಲ್ಲಿ ಗಾಳಿ ಅರ್ಧ ಇತ್ತು.